ಬ್ಯಾಗಿನೊಳಗಿನ ಸೋರೆಬುರುಡೆ

ಮಾಸೂರು, ೧೯೮೬

ಅಪ್ಪಾ,

ಮೀನುಗಳ ಅಧ್ಯಯನಕ್ಕೆಂದು ನಾಳೆ ಲಕ್ಷದ್ವೀಪಕ್ಕೆ ಹೊರಟಿದ್ದೇನೆ. ವಾರವಿಡೀ ಹಡಗಿನಲ್ಲೇ ವಾಸ; ದಿನವೂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯಬೇಕು. ನನಗಿದು ಮೊದಲ ಸಲ.

ಮದಗದ ಕೆರೆಯ ದಂಡೆಯಲ್ಲಿ ಹಗ್ಗ ಹಿಡಿದು ನನಗೆ ಈಜು ಕಲಿಸುವಾಗ ಮುಳುಗದಿರಲೆಂದು ಬೆನ್ನಿಗೆ ಕಟ್ಟುತ್ತಿದ್ದೆಯಲ್ಲ, ಆ ಒಣ ಸೋರೆಬುರುಡೆ ನೀನು ತೀರಿಕೊಂಡ ಮೇಲೆ ಅಟ್ಟ ಸೇರಿತ್ತು. ಇವತ್ತು ಅವ್ವ ಅದನ್ನು ಇಳಿಸಿ, ತಿನ್ನಲು ಕೊಟ್ಟ ಸವಣೂರು ಖಾರದ ಜೊತೆ ನನ್ನ ಬ್ಯಾಗಿಗೆ ತುರುಕಿದಳು.

"ಯವ್ವಾ, ಅಲ್ಲಿ ಮುಳುಗಾಕಂತನ ಸೊಂಟಕ್ಕ ಸೀಸ ಕಟ್ತಾರ," ಎಂದು ನಕ್ಕೆ. ಅವಳು ನಗಲಿಲ್ಲ.

"ಮ್ಯಾಲ ಹಗ್ಗ ಹಿಡಿಯಾಕ ಯಾರದಾರ?"

ಅಲ್ಲಿ ಹಗ್ಗವೇ ಇಲ್ಲವೆನ್ನಲು ಬಾಯಿ ಬರಲಿಲ್ಲ. "ಅಪ್ಪ ಅದಾನಲ್ಲ," ಎಂದೆ.

ಅವ್ವ ಒಳಗೆ ಹೋಗಿ ಖಾರದ ಇನ್ನೊಂದು ಪೊಟ್ಟಣ ತಂದಿಟ್ಟಳು.

"ಅವರಿಗೂ ಇರ್ಲಿ. ಹಸಿವಿಗೆ ಹಗ್ಗ ಬಿಟ್ಟಾರು."