ಹೆಣ್ಣು ನೋಡಲು ಬಂದವರಲ್ಲ

ಮಲಪನಗುಡಿ
ಆಗಸ್ಟ್ 12, 2024

ಪಂಪಾವತಿಯ ಅಪ್ಪನವರಿಗೆ ಚಂದ್ರಕಲಾ ಮಾಡುವ ನಮಸ್ಕಾರಗಳು.

ಕೆಮ್ಮು ಇಳಿಯಿತೇ? ಒಡಿಶಾದ ಆ ಗಣಿಧೂಳಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಮಷಿನ್ ಓಡಿಸುತ್ತೀರೆಂದು ನನಗೆ ಗೊತ್ತು. ನಾವಿಲ್ಲಿ ಚೆನ್ನಾಗಿದ್ದೇವೆ. ಫೋನಿನಲ್ಲಿ ಮಗಳು ಪಂಪಾವತಿಯ ಮಾತೆತ್ತಿದರೆ 'ಮದುವಿ ಆದ್ರ ಎಲ್ಲಾ ಸರಿಹೋಗ್ತೈತಿ' ಎಂದು ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ಹದಿನೆಂಟು ತುಂಬಿದೊಡನೆ ನಿಮ್ಮಕ್ಕ ಭೀಮಮ್ಮನವರ ಮಗನಿಗೆ ಕೊಡುವುದೆಂದು ಮಾತು ಕೊಟ್ಟಿದ್ದೀರಲ್ಲ, ಅದಕ್ಕೆ ಮೊದಲು, ಕಲಿಕೆಯಲ್ಲಿ ಬಹಳ ಹಿಂದಿದ್ದಾಳೆ, ಒಮ್ಮೆ ಆಸ್ಪತ್ರೆಯಲ್ಲಿ ತೋರಿಸಿ ಎಂದು ಶಾಲೆಯ ಶಿಲ್ಪಶ್ರೀ ಟೀಚರ್ ಹೇಳಿದರು. ಹೊಸಪೇಟೆಗೆ ಕರೆದುಕೊಂಡು ಹೋಗಿದ್ದೆ.

ಸೂಜಿ ಚುಚ್ಚುತ್ತಾರೆ, ತಲೆಯ ಫೋಟೊ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅದೇನೂ ಇಲ್ಲ ರೀ! ಮೊದಲು ಕಿವಿ, ಕಣ್ಣು ಸರಿಯಿವೆಯೇ ನೋಡಿದರು. ಆಮೇಲೆ ಸುಮಲತಾ ಎಂಬ ಮನಶ್ಶಾಸ್ತ್ರಜ್ಞೆ ಬಣ್ಣದ ಕಟ್ಟಿಗೆ ತುಂಡು, ಚಿತ್ರಗಳನ್ನು ಮುಂದಿಟ್ಟು ಜೋಡಿಸಲು ಹೇಳಿದರು, ಒಮ್ಮೆಯೂ ಗದರಲಿಲ್ಲ. ಅವಳು ದಣಿದಳೆಂದು ಉಳಿದದ್ದನ್ನು ಮರುದಿನಕ್ಕೆ ಇಟ್ಟರು. ನಮ್ಮ ಮನೆಯಲ್ಲಿ ಅವಳ ದಣಿವನ್ನು ಯಾರು ನೋಡಿದ್ದೆವು?

ಆಮೇಲೆ ನನ್ನ ಸರದಿ. ಹುಟ್ಟಿದಾಗ ಅತ್ತಳೇ, ಯಾವಾಗ ನಡೆದಳು, ಈಗ ತಾನೇ ಜಡೆ ಹೆಣೆದುಕೊಳ್ಳುತ್ತಾಳೆಯೇ, ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ತರುತ್ತಾಳೆಯೇ? ನಾನೋ, 'ಎಲ್ಲಾ ಬರ್ತೈತ್ರಿ, ರೊಟ್ಟಿನೂ ಮಸ್ತ್ ಬಡೀತಾಳ' ಎಂದು ಶುರುಹಚ್ಚಿಕೊಂಡೆ. ಆಕೆ ಪೆನ್ನು ಕೆಳಗಿಟ್ಟು ನಕ್ಕರು. 'ಇಲ್ಲಿ ಹೆಣ್ಣು ನೋಡಾಕ ಯಾರೂ ಬಂದಿಲ್ರಿ ಅಕ್ಕಾ. ಬರಲಾರದ್ದನ್ನೂ ಹೇಳ್ರಿ.' ನನಗೆ ಅಳು ತಡೆಯಲಾಗಲಿಲ್ಲ. ಜಡೆ ಹಾಕುವುದು ನಾನು, ಬಟ್ಟೆ ತೆಗೆದಿಡುವುದು ನಾನು, ರೊಟ್ಟಿ ಬಡಿಯುವುದೂ ನಾನೇ.

ಅವಳಿಗಿರುವುದಕ್ಕೆ ಬೌದ್ಧಿಕ ಅಂಗವೈಕಲ್ಯ ಎನ್ನುತ್ತಾರಂತೆ, ಚಿಕ್ಕಂದಿನಿಂದಲೂ ಇದ್ದದ್ದೇ. ಪರೀಕ್ಷೆಯ ಅಂಕವೊಂದನ್ನೇ ನೋಡಿ ಹೇಳುವಂತಿಲ್ಲವಂತೆ, ದಿನನಿತ್ಯದ ಬದುಕನ್ನೂ ಕೂಡಿಸಿ ನೋಡಬೇಕಂತೆ. ಗುಳಿಗೆಯಿಂದ ಹೋಗುವಂಥದ್ದಲ್ಲ, ತಾಳ್ಮೆಯಿಂದ ಕಲಿಸಿದರೆ ಬಹಳಷ್ಟು ಕಲಿಯುತ್ತಾಳಂತೆ. ಇನ್ನೊಂದು ಮಾತು ಕೇಳಿ ಬೆರಗಾಗಿ ಕೂತುಬಿಟ್ಟೆ. ಎಲ್ಲರೂ ನಕ್ಕಾಗ ಅವಳೂ ನಗುತ್ತಾಳಲ್ಲ, ತನಗೆ ಅರ್ಥವಾಗಿಲ್ಲವೆಂದು ನಮಗೆ ತಿಳಿಯದಿರಲಿ ಎಂದು ನಗುತ್ತಾಳಂತೆ. ಇಷ್ಟು ವರ್ಷ ಒಬ್ಬಳೇ ಹೀಗೆ ನಿಭಾಯಿಸಿದ್ದಾಳೆ ರೀ, ನಮ್ಮ ಕೂಸು. ಅವಳ ಗಟ್ಟಿತನಕ್ಕೆ ಕೈ ಮುಗಿಯಬೇಕು ಅನ್ನಿಸಿತು.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಮಗಳೂ ನಮಸ್ಕಾರ ಹೇಳಿದ್ದಾಳೆ.

ನಿಮ್ಮ
ಚಂದ್ರಕಲಾ

ಮಡಚುವ ಮೊದಲು ಒಂದು ಮಾತು: ನಿನ್ನೆ ಮರಿಯಮ್ಮನಹಳ್ಳಿಗೆ ಹೋಗಿ, ಈ ಸಂಬಂಧ ಬೇಡವೆಂದು ಭೀಮಮ್ಮಕ್ಕನಿಗೆ ಹೇಳಿ ಬಂದೆ. ಬೈದರು, ಬೈಸಿಕೊಂಡೆ. ನೀವೂ ಬೈಯಿರಿ. ಅಲ್ಲಿಗೆ ಹೋಗುವ ಮುಂಚೆ, ಮದುವೆ ಎಂದರೇನು, ಗಂಡನ ಮನೆಗೆ ಹೋಗುವುದೆಂದರೇನು ಎಂದು ಪಂಪಾವತಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ಎಲ್ಲ ಕೇಳಿಸಿಕೊಂಡು, 'ಸಂಜಿಗೆ ಮನಿಗೆ ಬರ್ತೀನಲ್ಲವ್ವಾ?' ಎಂದಳು.