ಅಪ್ಪನ ಭುಜ, ನನ್ನ ಎಡಗಿವಿ

ಜನವರಿ 9, ಬೆಳಿಗ್ಗೆ

ಬಸ್ಸಿನಲ್ಲಿ ಮತ್ತೆ ಅಭ್ಯಾಸ. ಮೂಗು ಹಿಡಿದು, ಬಾಯಿ ಮುಚ್ಚಿ, ಒಳಗಿನಿಂದ ಗಾಳಿ ಒತ್ತುವುದು. ಬಲಗಿವಿ ಟಪ್ ಅಂತ ಬಿಟ್ಟಿತು. ಎಡಗಿವಿ ಜಪ್ಪಯ್ಯ ಅಂದರೂ ಬಿಡಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲ ಮೂಸಿ ನೋಡಿಕೊಂಡು ಬೇರೆ ಸೀಟಿಗೆ ಹೋದಳು. ಪಾಪ.

ಕಿವಿ ಬಿಡದಿದ್ದರೆ, ಡೈವರ್‌ಗಳಿಗೆ ಗಾಳಿಯ ಒತ್ತಡದಲ್ಲಿ ಚಿಕಿತ್ಸೆ ಕೊಡುವ ಪ್ರೆಶರ್ ಚೇಂಬರ್ ಒಳಗೆ ಕೂರಿಸುವುದಿಲ್ಲ. ಅದರೊಳಗೆ ಕೂರದಿದ್ದರೆ ಹೊರದೇಶದ ಆಸ್ಪತ್ರೆಗೆ ಇಲೆಕ್ಟಿವ್ ತರಬೇತಿಗೆ ಹೋಗಿ ಮಾಡುವುದೇನು, ಕಿಟಕಿ ಒರೆಸುವುದೇ? ನಾಲ್ಕು ವಾರ, ಡೈವಿಂಗ್ ಮೆಡಿಸಿನ್. ನಮ್ಮ ಮೆಡಿಕಲ್ ಕಾಲೇಜಿನಿಂದ ಇವತ್ತಿನವರೆಗೆ ಯಾರೂ ಹೋಗಿಲ್ಲ. ನಾನು ಹೋಗುತ್ತೇನೆ. ಕಿವಿ ತಾನೇ, ಮಾತು ಕೇಳದಿದ್ದರೆ ಹಿಂಡಿದರಾಯಿತು.

ಜನವರಿ 15

ಆ ಆಸ್ಪತ್ರೆಯಿಂದ ಉತ್ತರ ಬಂತು!! ಇವತ್ತು ನಿದ್ದೆ ಬರುವುದಿಲ್ಲ. ಸಂತೋಷಕ್ಕಲ್ಲ, ಕಾಫಿ ಜಾಸ್ತಿಯಾಗಿ. ಮುಂದಿನ ತಿಂಗಳು ಅಲ್ಲಿನ ಚೀಫ್ ಡಾಕ್ಟರ್ ಜೊತೆ ವಿಡಿಯೋ ಇಂಟರ್‌ವ್ಯೂ. ಇರುವುದು ಒಂದೇ ಸೀಟು. ನಾನೇ ಕಣ್ಣಾರೆ ಕಂಡ ಒಂದು ಕೇಸ್ ಬಗ್ಗೆ ಮಾತಾಡಬೇಕಂತೆ.

ಅದೇ ತಲೆನೋವು. ವಾರ್ಡಿನಲ್ಲಿ ಜ್ವರ, ಶುಗರ್, ಮುರಿದ ಕಾಲು, ಬೇಕಾದ್ದೆಲ್ಲ ಇದೆ. ಡೈವರ್‌ಗಳ ಕಾಯಿಲೆ ಒಂದೂ ಇಲ್ಲ. ಮನೆಯಲ್ಲಿ ಮಾತ್ರ ಒಬ್ಬ ಡೈವರ್ ಇದ್ದಾರೆ... ನಮ್ಮಪ್ಪ. ನಾನು ಹುಟ್ಟುವ ಮುಂಚಿನಿಂದ ಬಂದರಿನಲ್ಲಿ ಮುಳುಗಿ ಹಡಗುಗಳ ಹೊಟ್ಟೆ ಉಜ್ಜುವ ಕೆಲಸ. ಕೇಳಿಯೇ ಬಿಟ್ಟೆ.

"ಅಪ್ಪಾ, ನಿಮಗೆ ಯಾವತ್ತೂ ಏನೂ ಆಗಿಲ್ವಾ?"

"ಏನೂ ಆಗಿಲ್ಲ ಕಣಮ್ಮ. ಗಟ್ಟಿ ಪಿಂಡ."

"ಸ್ವಲ್ಪನಾದ್ರೂ?"

"ನಿನ್ನ ಇಂಟರ್‌ವ್ಯೂಗೋಸ್ಕರ ನಾನು ಹಾಸಿಗೆ ಹಿಡೀಬೇಕೇನೇ?"

ಅಮ್ಮ ಇಬ್ಬರಿಗೂ ಬೈದಳು. ಆಮೇಲೆ ಅಪ್ಪನ ಹಳೇ ಜೋಕು: "ಈಜೋಕೆ ಬರದವಳು ನೀರಿನ ಡಾಕ್ಟರಂತೆ!" ಚೇಂಬರಿನಲ್ಲಿ ನೀರಿರುವುದಿಲ್ಲ, ಬರೀ ಗಾಳಿ ಅಂತ ಎಷ್ಟು ಸಲ ಹೇಳುವುದು.

ಫೆಬ್ರವರಿ 3, ಸಂಜೆ

ಅಪ್ಪ ಬಂದವರೇ ಸೋಫಾದಲ್ಲಿ ಒರಗಿದರು. ಇವತ್ತು ಒಂದರ ಹಿಂದೆ ಒಂದು ಎರಡು ಹಡಗು. ಬಲಭುಜ ನೋವು. ಬ್ರಶ್ ಮಷೀನ್ ಹಿಡಿದೂ ಹಿಡಿದೂ ಹೀಗಾಗಿದೆ ಅಂದರು. ನೋಡಿದೆ. ಊತ ಇಲ್ಲ. ಒತ್ತಿದರೂ ಅಷ್ಟೇ, ಆಡಿಸಿದರೂ ಅಷ್ಟೇ. ಸ್ನಾಯು ಉಳುಕು. ಮುಲಾಮು ಉಜ್ಜಿ, ನೋವಿನ ಮಾತ್ರೆ ನುಂಗಿಸಿದೆ. "ಮನೇಲೇ ಡಾಕ್ಟರ್ ಇದ್ರೆ ಎಷ್ಟು ಸುಖ ನೋಡಿ" ಅಂತ ಜಂಬ ಬೇರೆ.

ರೂಮಿನಲ್ಲಿ ನರಳುತ್ತಿದ್ದಾರೆ. "ಅಪ್ಪಾ, ಸ್ವಲ್ಪ ಮೆಲ್ಲಗೆ... ಬೆಂಡ್ಸ್ ಬಗ್ಗೆ ಓದ್ತಾ ಇದೀನಿ" ಅಂದೆ.

ಫೆಬ್ರವರಿ 4, ಬೆಳಿಗ್ಗೆ

ಆಂಬ್ಯುಲೆನ್ಸ್ ಬರುವವರೆಗೆ ಬರೆಯುತ್ತೇನೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಅಮ್ಮನನ್ನು ಚೀಫ್ ಮಾಡಿಕೊಂಡು ಇಂಟರ್‌ವ್ಯೂ ರಿಹರ್ಸಲ್. ಅವಳು ಇಸ್ತ್ರಿ ಮಾಡುತ್ತಾ ಹೂಂಗುಟ್ಟುತ್ತಿದ್ದಳು. ನಾನು: "ಆಳದಲ್ಲಿ ತುಂಬ ಹೊತ್ತು ಇದ್ದು ಬೇಗ ಮೇಲೆ ಬಂದರೆ ಮೈಯೊಳಗೆ ಗಾಳಿಗುಳ್ಳೆ ಏಳುತ್ತವೆ. ಇದೇ ಬೆಂಡ್ಸ್. ಹೆಚ್ಚಾಗಿ ಭುಜ ನೋಯುತ್ತದೆ. ಒತ್ತಿದರೂ ಆಡಿಸಿದರೂ ನೋವು ಬದಲಾಗುವುದಿಲ್ಲ. ಕೆಲಸದ ಆಯಾಸ ಅಂತ ರೋಗಿ ಹೇಳುತ್ತಾನೆ, ನಂಬಬಾರದು. ಮಾತ್ರೆ ಕೊಟ್ಟು ಮಲಗಿಸಬಾರದು, ಚೇಂಬರಿಗೆ—"

ಅಲ್ಲಿಗೇ ಮಾತು ನಿಂತಿತು. ಅಮ್ಮನ ಇಸ್ತ್ರಿಪೆಟ್ಟಿಗೆಯೂ ನಿಂತಿತು. ಇಬ್ಬರೂ ಅಪ್ಪನ ರೂಮಿನ ಕಡೆ ನೋಡಿದೆವು.

ದೀಪದ ಬುಡದಲ್ಲೇ ಕತ್ತಲೆ. ನಾಚಿಕೆ, ಅದಕ್ಕಿಂತ ಹೆಚ್ಚು ಹೆದರಿಕೆ. ಅಪ್ಪ ಬರಲ್ಲ ಅಂತ ಹಟ. ಚೇಂಬರಿಗೆ ಹಾಕಿದರೆ ಮತ್ತೆ ನೀರಿಗೆ ಇಳಿಸುವುದಿಲ್ಲ, ಕೆಲಸ ಹೋಗುತ್ತದೆ ಅಂತ ಅವರ ವಾದ.

"ಉಳುಕು ಅಂತ ನೀನೇ ಹೇಳಿದ್ಯಲ್ಲ ಡಾಕ್ಟರಮ್ಮ?"

"ನಾನು ಹೇಳಿದ್ದು ತಪ್ಪು. ಏಳಿ."

ಅಪ್ಪನ ಎದುರು ದನಿ ಏರಿಸಿದ್ದು ಇದೇ ಮೊದಲು. ಎದ್ದರು. ಅಗೋ, ಸೈರನ್—

ಫೆಬ್ರವರಿ 6

ಮೊನ್ನೆ ನಡೆದದ್ದು: ಬಂದರಿನ ಆಸ್ಪತ್ರೆಯ ಚೇಂಬರ್. ಮಲಗಿಸಿದ ದೊಡ್ಡ ಕಬ್ಬಿಣದ ಪೀಪಾಯಿ, ಎದುರುಬದುರು ಬೆಂಚು, ದುಂಡನೆ ಕಿಟಕಿ. ರೋಗಿಯ ಜೊತೆ ಒಬ್ಬರು ಕೂರಲೇಬೇಕು. ಕೂರಬೇಕಾದವನಿಗೆ ನೆಗಡಿ, ಕಿವಿ ಕಟ್ಟಿದೆ. ಡ್ಯೂಟಿ ಡಾಕ್ಟರ್ ನನ್ನ ಕಿವಿಗೆ ಲೈಟ್ ಬಿಟ್ಟು ನೋಡಿ, "ಕಿವಿ ಬಿಡುತ್ತಾ?" ಅಂದರು. "ಒಂದಂತೂ ಬಿಡುತ್ತೆ ಸರ್" ಅಂದೆ. ಒತ್ತಡ ಏರಿಸುತ್ತಾ ನಿಧಾನವಾಗಿ 'ಆಳಕ್ಕೆ' ಇಳಿಸೋಣ ಅಂದರು.

ಗಾಳಿ ಒತ್ತತೊಡಗಿತು. ಎಡಗಿವಿಗೆ ಮೊಳೆ ಹೊಡೆದ ಹಾಗೆ. ಕೈ ಎತ್ತಿ ನಿಲ್ಲಿಸಿದೆ. ಮತ್ತೆ ಶುರು, ಮತ್ತೆ ನಿಲ್ಲಿಸಿದೆ. ಇನ್ನೊಂದು ಸಲ ನಿಲ್ಲಿಸಿದರೆ ನನ್ನನ್ನು ಹೊರಗೆ ಕಳಿಸುತ್ತಾರೆ. ಅಪ್ಪ ನನ್ನ ಕೈ ಹಿಡಿದು ಕೆಳಗಿಳಿಸಿದರು.

"ಮೂಗು ಬಿಡು. ಕಿವಿ ಜೊತೆ ಜಗಳ ಆಡ್ಬೇಡ. ದವಡೆ ಮುಂದಕ್ಕೆ ತಳ್ಳಿ ಉಗುಳು ನುಂಗು."

ಟಪ್. ಎಡಗಿವಿ! ಅಯ್ಯಬ್ಬಾ.

ಒಳಗೆ ಗಾಳಿ ದಪ್ಪವಾದ ಮೇಲೆ ಅಪ್ಪನ ಗಡಸು ದನಿ ಮೂಗಿನಿಂದ ಕೀರಲಾಗಿ ಬಂತು. ಇಬ್ಬರಿಗೂ ನಗು. ಅದೇ ಕೀರಲು ದನಿಯಲ್ಲಿ ಹೇಳಿದರು: "ಮೊದಲೂ ಆಗಿತ್ತು ಕಣೇ. ಎಷ್ಟೋ ಸಲ. ನಿನ್ನ ಓದು ಮುಗೀಲಿ ಅಂತ ಬಾಯಿ ಮುಚ್ಕೊಂಡಿದ್ದೆ." ನನ್ನ ನಗು ನಿಂತಿತು. ಅತ್ತೆ. ಆ ಅಳುವೂ ಕೀರಲು.

ಹೊರಗೆ ಬರುವಷ್ಟರಲ್ಲಿ ನೋವು ಇಳಿದಿತ್ತು. ಭುಜದ ಸ್ಕ್ಯಾನ್ ಆಗುವವರೆಗೆ ನೀರಿಗಿಳಿಯುವುದು ಬಂದ್.

ಫೆಬ್ರವರಿ 18

ಇಂಟರ್‌ವ್ಯೂ ಮುಗಿಯಿತು. ಕೇಸ್ ಹೇಳಲಾ ಅಂತ ಅಪ್ಪನನ್ನು ಮೊದಲೇ ಕೇಳಿದ್ದೆ. "ಧಾರಾಳವಾಗಿ ಹೇಳು. ಆದ್ರೆ ಮುಲಾಮಿನ ವಿಷಯ ನುಂಗ್ಬೇಡ" ಅಂದಿದ್ದರು. ಮುಲಾಮು ಸಮೇತ ಹೇಳಿದೆ. ಚೀಫ್, ಪೇಷೆಂಟ್ ಈಗ ಹೇಗಿದ್ದಾರೆ ಅಂತ ಕೇಳಿದರು. ಬಾಗಿಲ ಹಿಂದೆ ಕದ್ದು ಕೇಳುತ್ತಿದ್ದ ಪೇಷೆಂಟ್ ಬನಿಯನ್‌ನಲ್ಲೇ ನುಗ್ಗಿ ಬಂದು, ಕ್ಯಾಮೆರಾ ಮುಂದೆ ಬಲಗೈ ನೆತ್ತಿಯವರೆಗೆ ಎತ್ತಿ ತೋರಿಸಿ, ನಗುತ್ತಾ ನಿಂತರು. ಚೀಫ್ ಚಪ್ಪಾಳೆ ತಟ್ಟಿದರು. ಮಾನ ಹೋಯಿತು. ಸೀಟು ಬಂದ ಹಾಗೇ.

ಮಾರ್ಚ್ 2

ಸೀಟು ನನ್ನದು! ಹೇಳಿರಲಿಲ್ಲವೇ?

ಸ್ಕ್ಯಾನ್ ರಿಪೋರ್ಟೂ ಇವತ್ತೇ. ಭುಜದ ಮೂಳೆಯ ತುದಿ ಒಂದಿಷ್ಟು ಸತ್ತಿದೆ. ಮುಚ್ಚಿಟ್ಟ ಹಳೇ ಬೆಂಡ್ಸ್‌ಗಳ ಫಲ. ಅಪ್ಪ ಇನ್ನು ಮುಳುಗುವಂತಿಲ್ಲ, ಯಾವತ್ತೂ. ಬಂದರಿನವರು ದಡದ ಕೆಲಸ ಕೊಡುತ್ತಾರಂತೆ, ಕೆಳಗಿರುವವರ ಹಗ್ಗ, ಗಾಳಿ ಪೈಪು ನೋಡಿಕೊಳ್ಳುವುದು. ಅಪ್ಪ ರಿಪೋರ್ಟ್ ಮಡಚಿ ಜೇಬಿಗಿಟ್ಟರು. ಆಮೇಲೆ, "ಹೋಗ್ಲಿ ಬಿಡು. ಮನೇಲಿ ಒಬ್ರು ಇಳಿದ್ರೆ ಸಾಕು."

ಚೀಫ್ ಅವರದೊಂದು ಷರತ್ತು: ಬರುವ ಮುಂಚೆ ಈಜು ಕಲಿತಿರಬೇಕು. ಮನೆಯಲ್ಲಿ ಯಾರು ಬಿದ್ದು ಬಿದ್ದು ನಕ್ಕರು ಅಂತ ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 7, ಬೆಳಿಗ್ಗೆ

ಈಜುಕೊಳದ ಅಂಚು. ತೊಡೆಯ ಮೇಲೆ ಟವೆಲ್, ಅದರ ಮೇಲೆ ಡೈರಿ. ಅಪ್ಪ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದಾರೆ. ಅದಕ್ಕಿಂತ ಆಳ ಬೇಡ ಅಂತ ನನ್ನದೇ ಆರ್ಡರ್. "ಅದೇನು ಬರೀತಾ ಕೂತಿದೀಯ? ಇಳಿ. ನಾನಿದೀನಲ್ಲ, ಹಿಡ್ಕೋತೀನಿ." ಎಡಗೈ ಚಾಚಿದ್ದಾರೆ.

"ಎರಡೂ ಕೈ ಮೇಲೆತ್ತಿ ತೋರಿಸಿ, ಹೇಗೆ ಹಿಡ್ಕೋತೀರ ನೋಡ್ತೀನಿ" ಅಂದೆ. ಎಡಗೈ ಎತ್ತಿದರು. ಬಲಗೈ ಎದೆಯ ಮಟ್ಟದಲ್ಲೇ ನಿಂತುಹೋಯಿತು. ಮೇಲೆ ಏಳುವುದೇ ಇಲ್ಲ ಅದು... ಅವತ್ತು ಕ್ಯಾಮೆರಾ ಮುಂದೆ ಅದೆಷ್ಟು ನೋವು ನುಂಗಿ ನೆತ್ತಿಯವರೆಗೆ ಎತ್ತಿ, ನಗುತ್ತಾ—

ಕರೆಯುತ್ತಿದ್ದಾರೆ. ಬಂದೆ ಅಪ್ಪಾ. ಹೆದರಿಕೆ ಏನಿಲ್ಲ, ಕಣ್ಣಿಗೆ ಸ್ವಲ್ಪ ನೀರು ಹಾರಿತು, ಅಷ್ಟೇ.