ಯತ್ತಪ್ಪನಲ್ಲದವನು

ಡಾಕ್ಟರ್ ಮೇಡಂ ಅವರಿಗೆ, ಬುಕ್ಕಾಪಟ್ಟಣದಿಂದ ಅನಸೂಯ ಮಾಡುವ ನಮಸ್ಕಾರಗಳು.

ಇಲ್ಲಿಯ ಕುರುಚಲು ಕಾಡಿನಲ್ಲಿ ಸಿಕ್ಕ ಮೂಳೆಗಳು, ಕುರಿ ಮೇಯಿಸಲು ಹೋಗಿ ಕಾಣೆಯಾದ ನನ್ನ ಅಣ್ಣ ಯತ್ತಪ್ಪನವೇ ಎಂದು ನಾವು ನಂಬಿದ್ದೆವು. ಅವ್ವನ ರಕ್ತದೊಂದಿಗೆ ಡಿಎನ್‌ಎ ಹೊಂದಲಿಲ್ಲ, ಇವು ಅದೇ ವಯಸ್ಸಿನ ಬೇರೊಬ್ಬ ಗಂಡಸಿನವು ಎಂದು ನೀವು ಫೋನಿನಲ್ಲಿ ತಿಳಿಸಿದಿರಿ. ಅದನ್ನು ಅವ್ವನಿಗೆ ಹೇಳಿದೆ. ಅವಳು ಅಳಲಿಲ್ಲ. ಅಣ್ಣನನ್ನು ಹೂಳಲೆಂದು ಹೊಲದ ಬದುವಿನಲ್ಲಿ ಜಾಗ ಗೊತ್ತುಮಾಡಿದ್ದೆವು.

“ಆ ಜಾಗ ಅಂಗೇ ಇರ್ಲಿ ಕಣಮ್ಮ. ಅವನೂ ಯಾರೋ ಹೆತ್ತ ಮಗ. ಯಾರೂ ಬರದಿದ್ರೆ ನಾವೇ ಮಣ್ಣು ಮಾಡಾನ. ಡಾಕ್ಟ್ರಮ್ಮಂಗೆ ಬರಿ” ಎಂದಳು.

ವಾರಸುದಾರರು ಸಿಗದಿದ್ದರೆ ಮೂಳೆಗಳನ್ನು ನಮಗೆ ಕೊಡಿಸಿ. ಪೊಲೀಸರ ಒಪ್ಪಿಗೆಗೆ ಯಾರನ್ನು ಕಾಣಬೇಕೆಂದು ತಿಳಿಸಿ. ಅವ್ವನ ರಕ್ತದ ವಿವರವನ್ನು ಮಾತ್ರ ತೆಗೆದುಹಾಕಬೇಡಿ. ಯತ್ತಪ್ಪ ಇನ್ನೂ ಸಿಕ್ಕಿಲ್ಲ.

ಇಂತಿ,
ಅನಸೂಯ